ದಾರಕ್ಕೊಂದು ಕಾರಣ

ಆಷಾಢದ ಗಾಳಿಗೆ ಸೋನೆಮಳೆಯೂ ಕೂಡಿಕೊಂಡಿತ್ತು. ಅಶೋಕಪುರಂನ ಊದುಬತ್ತಿ ಕಾರ್ಖಾನೆಯ ಉದ್ದನೆಯ ಹಜಾರದಲ್ಲಿ ಹೆಂಗಸರು ಬೆಳಗಿನಿಂದಲೇ ಮಣೆ ಮುಂದಿಟ್ಟುಕೊಂಡು ಕಡ್ಡಿ ಹೊಸೆಯುತ್ತಿದ್ದರು. ಕರಿ ಹಿಟ್ಟು ಚಿವುಟಿ ಬಿದಿರುಕಡ್ಡಿಗೆ ಮೆತ್ತುವುದು, ಅಂಗೈಯಡಿ ಉರುಳಿಸುವುದು, ಪಕ್ಕದ ರಾಶಿಗೆ ಹಾಕುವುದು. ಕೈ ಅದರ ಪಾಡಿಗೆ ಅದು ದುಡಿಯುತ್ತಿದ್ದರೆ ಬಾಯಿ ಕೇರಿಯ ಸುದ್ದಿಯನ್ನೆಲ್ಲ ಸುತ್ತಿ ಬರುತ್ತಿತ್ತು. ಬಿಸಿಲಿಲ್ಲದ ಕಾಲವಾದ್ದರಿಂದ ಹೊಸೆದ ಕಡ್ಡಿಗಳನ್ನು ಒಳಗೇ ಚಾಪೆಗಳ ಮೇಲೆ ಹರಡಿದ್ದರು. ಕಾಲಿಡಲು ಜಾಗವಿರಲಿಲ್ಲ.

ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಗಿರಿಜಾಂಬಾ ಚಾಪೆಗಳ ನಡುವೆ ನಡೆದುಬಂದಳು. ಅವಳು ಅಲ್ಲಿನ ಮೇಲ್ವಿಚಾರಕಿ. ಹತ್ತಿರದ ಇಲವಾಲ ಹಳ್ಳಿಯ ಮಗಳು. ಗಂಡ ತೀರಿಕೊಂಡ ಮೇಲೆ ಸರಸ್ವತಿಪುರಂನಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆ ಸೇರಿದ್ದಳು. ಅತ್ತಿಗೆಯ ಮುಖ ನೋಡಿಕೊಂಡು ಕಾಫಿ ಕುಡಿಯುವ ಬಾಳು. ಯಜಮಾನರಾದ ಚನ್ನಬಸವಯ್ಯನವರು ಈಗ ಇಲವಾಲದ ಹತ್ತಿರ ಇನ್ನೊಂದು ಶೆಡ್ಡು ಕಟ್ಟಿಸುತ್ತಿದ್ದರು. ಅದರ ಉಸ್ತುವಾರಿ ಸಿಕ್ಕಿದವರಿಗೆ ಪಕ್ಕದಲ್ಲೇ ಎರಡು ಅಂಕಣದ ಮನೆ. ಗಿರಿಜಾಂಬಾ ಆ ಮನೆಯ ಒಲೆ ಯಾವ ಮೂಲೆಗಿರಬೇಕು ಅನ್ನುವುದನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿಟ್ಟಿದ್ದಳು.

ಹಿಂದಿನ ಸೋಮವಾರ ಅವಳು ಹಜಾರದ ನಡುವೆ ನಿಂತು ಹೊಸ ಕಟ್ಟಳೆ ಸಾರಿದ್ದಳು. ಇನ್ನು ಮೇಲೆ ಒಬ್ಬೊಬ್ಬರೂ ತಮ್ಮ ಕಡ್ಡಿಯನ್ನು ಬೇರೆ ಒಣಗಿಸಿ, ತಮಗೆ ಕೊಟ್ಟ ಬಣ್ಣದ ದಾರದಲ್ಲೇ ಕಟ್ಟು ಕಟ್ಟಬೇಕು.

"ಯಾಕ್ರವ್ವಾ?" ಎಂದು ಮೂಲೆಯಿಂದ ಯಾರೋ ಕೇಳಿದ್ದರು.

"ಯಜಮಾನ್ರು ಹೇಳಿದಾರೆ. ಅಷ್ಟೇ."

ಆ ಹಜಾರದಲ್ಲಿ ಒಂದು ರೂಢಿಯಿತ್ತು. ಒಂದು ಸಾಲಿನವರು ಹೊಸೆದದ್ದೆಲ್ಲ ಒಂದೇ ರಾಶಿಗೆ ಬೀಳುತ್ತಿತ್ತು, ಶನಿವಾರದ ಬಟವಾಡೆಯನ್ನು ಸಾಲಿನವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಹಸುಗೂಸು ಬಿಟ್ಟು ಬಂದವಳು, ಕೈ ನಡುಗುವ ಮುದುಕಿ, ಎಲ್ಲರೂ ಆ ರಾಶಿಯ ಮರೆಯಲ್ಲಿ ಬದುಕಿಕೊಂಡಿದ್ದರು. ದಾರ ಬೇರೆಯಾದರೆ ನಿಧಾನದ ಕೈ ಯಾವುದೆಂದು ಬಯಲಾಗುತ್ತದೆ, ಬಯಲಾದವಳು ಮನೆಗೆ ಹೋಗುತ್ತಾಳೆ ಎಂದೇ ಅವರು ತಿಳಿದರು. ಜಗಳವನ್ನೇನೂ ಆಡಲಿಲ್ಲ. ಎಲ್ಲರೂ ಎಲ್ಲ ಕಟ್ಟನ್ನೂ ಕೆಂಪು ದಾರದಲ್ಲೇ ಕಟ್ಟಿಟ್ಟರು. ಮಿಕ್ಕ ಬಣ್ಣದ ದಾರಗಳು ಅವರ ಹೆಣ್ಣುಮಕ್ಕಳ ಜಡೆ ಸೇರಿದವು.

ಕಾರಣವಿರಲಿಲ್ಲ ಎಂದಲ್ಲ. ಕಲ್ಕತ್ತದ ವ್ಯಾಪಾರಿ ಪೆಟ್ಟಿಗೆಗಟ್ಟಲೆ ಮಾಲನ್ನು ವಾಪಸು ಕಳಿಸಿದ್ದ. ಕಡ್ಡಿ ಅರ್ಧ ಉರಿದು ನಂದಿಹೋಗುತ್ತಿತ್ತು. ಹಸಿ ಕಡ್ಡಿ ಎಲ್ಲಿಂದ ಕಟ್ಟುಗಳೊಳಗೆ ಸೇರುತ್ತಿದೆಯೆಂದು ಪತ್ತೆಯಾಗದಿದ್ದರೆ ದಸರೆಯ ಹೊತ್ತಿಗೆ ಹಜಾರಕ್ಕೇ ಬೀಗ. ಚನ್ನಬಸವಯ್ಯನವರು ಇದನ್ನೆಲ್ಲ ಗಿರಿಜಾಂಬಾಳನ್ನು ಕೂರಿಸಿಕೊಂಡು ಹೇಳಿ, "ಅವರಿಗೂ ತಿಳಿಯೋ ಹಾಗೆ ಹೇಳಿ" ಎಂದಿದ್ದರು. ಅವಳು ಹೇಳಲಿಲ್ಲ. ಬೀಗದ ಕೈಯಂತೆ ಆ ಕಾರಣವೂ ತನ್ನ ಸೊಂಟದಲ್ಲೇ ಇರಲಿ ಅನ್ನಿಸಿತ್ತು. ಎಲ್ಲರಿಗೂ ಎಲ್ಲವೂ ಗೊತ್ತಾದ ಮೇಲೆ ನಿಂತವಳಿಗೂ ಕೂತವರಿಗೂ ವ್ಯತ್ಯಾಸವೇನು ಉಳಿಯಿತು?

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬಸವಮ್ಮ ದಾಸ್ತಾನು ಕೋಣೆಯ ಬಾಗಿಲಿಗೆ ಬಂದಳು. ಮೊದಲ ಸಾಲಿನವಳು, ಅದೇ ಕೇರಿಯವಳು. ಅವಳು ಕೂತ ಕಡೆ ನಗು. ಆ ನಗು ಕೇಳಿದಾಗಲೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಗಿರಿಜಾಂಬಾಗೆ ಅನ್ನಿಸುತ್ತಿತ್ತು. ತನ್ನ ಸುದ್ದಿಯೇ ಅಲ್ಲ ಎಂದು ಗೊತ್ತಾದಾಗ ಇನ್ನೂ ಹೆಚ್ಚು ಉರಿಯುತ್ತಿತ್ತು.

"ಗಿರಿಜಮ್ನೋರೆ, ಆ ದಾರದ ಇಸ್ಯ ಏನು?"

"ಹೇಳಿದ್ನಲ್ಲ. ಯಜಮಾನ್ರ ಅಪ್ಪಣೆ."

"ಅಪ್ಪಣೆ ಸರಿ ಕಣ್ರವ್ವ. ಯಾಕೆ ಅಂತ." ಬಸವಮ್ಮ ಬಾಗಿಲಿಗೆ ಒರಗಿ, ದನಿ ಇಳಿಸಿದಳು. "ಓಗ್ಲಿ ಬುಡಿ. ಪಾಪ, ನಿಮ್ಗೂ ಯೋಳ್ನಿಲ್ಲ ಅಂತ ಕಾಣ್ತದೆ."

ಆ 'ಪಾಪ' ಗಿರಿಜಾಂಬಾಳ ನೆತ್ತಿಗೇರಿತು. "ನನಗೆ ಹೇಳ್ದೆ ಇನ್ಯಾರಿಗೆ ಹೇಳ್ತಾರೆ? ಬಾ ಇಲ್ಲಿ" ಎಂದು ಒಳಕ್ಕೆ ಕರೆದು, ವಾಪಸು ಬಂದ ಪೆಟ್ಟಿಗೆಗಳ ಮುಚ್ಚಳ ತೆಗೆದು, ಕಲ್ಕತ್ತದಿಂದ ದಸರೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳಿ ಮುಗಿದಾಗ ಬಸವಮ್ಮ ನಗಲಿಲ್ಲ.

"ಎರಡು ಕಡ್ಡಿ ಈಸ್ಕತೀನಿ ಕಣ್ರವ್ವ."

"ತಗೋ. ಅದರಿಂದೇನು."

ಏನೆಂದು ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಬಸವಮ್ಮ ಬುತ್ತಿಯಲ್ಲಿ ಉಳಿದಿದ್ದ ರಾಗಿಮುದ್ದೆಯ ಚೂರಿಗೆ ಕಡ್ಡಿ ಚುಚ್ಚಿ, ಹಜಾರದ ನಡುವೆ ಹಚ್ಚಿಟ್ಟಳು. ಹೆಂಗಸರು ಕೈ ನಿಲ್ಲಿಸಿ ನೋಡಿದರು. ಕಡ್ಡಿ ಅರ್ಧಕ್ಕೆ ಬಂದು ಚಿಟಿಚಿಟಿ ಎಂದು ನಂದಿತು.

"ನೋಡ್ರವ್ವಾ. ಕಲ್ಕತ್ತದಲ್ಲಿ ಯಾವಳೋ ಒಬ್ಳು ಮಗೀಗೆ ಜ್ವರ ಅಂತ ದೇವ್ರ ಮುಂದೆ ಇದ್ನ ಅಚ್ಚವ್ಳೆ. ಅರ್ಧಕ್ಕೇ ನಂದೋಯ್ತು. ಅವ್ಳ ಎದೆ ಎಂಗಾಗಿರ್ಬೇಡ? ನಮ್ಮನೆ ಬುದ್ಧನ ಪಟದ ಮುಂದೆ ಇಂಗಾದ್ರೆ ಸುಮ್ಕಿರ್ತೀವಾ?"

"ಅವ್ಳು ನಿನ್ನ ಕನ್ಸಿಗೆ ಬಂದು ಯೋಳಿದ್ಲಾ?" ಎಂದಳು ಹಿಂದಿನ ಸಾಲಿನ ಅಂಬುಜಮ್ಮ.

"ಬಂದಿದ್ಲು ಕಣೆ. ಅಂಬುಜಿ ಕೈ ಕಡ್ಡಿ ಅಂತ್ಲೇ ಬೈದ್ಲು."

ಹಜಾರವೆಲ್ಲ ನಕ್ಕಿತು. ನಗು ಇಳಿಯುವ ಮುಂಚೆಯೇ ಬಸವಮ್ಮ ವಾಪಸು ಬಂದ ಪೆಟ್ಟಿಗೆಯ ಮಾತು, ಬಾಗಿಲಿಗೆ ಬೀಳುವ ಬೀಗದ ಮಾತು ಎರಡನ್ನೂ ಮುಂದಿಟ್ಟಳು. "ಅಸಿ ಎಲ್ಲಿದ್ದದು ಅಂತ ಗೊತ್ತಾಗ್ಬೇಕು, ಅದಕ್ಕೇ ದಾರ. ಆದ್ರೆ ಆಳಿಗೊಂದು ಬಣ್ಣ ಬ್ಯಾಡ. ಸಾಲಿಗೊಂದು ಸಾಕು. ಅಸಿಯಾಗೋದು ಚಾಪೆ ತಾನೆ, ಆಳಲ್ವಲ್ಲ. ಗಿರಿಜಮ್ನೋರೆ, ನೀವೇ ಯಜಮಾನ್ರಿಗೆ ಒಂದು ಮಾತು ಯೋಳಿ."

"ನೋಡೋಣ" ಎಂದಳು ಗಿರಿಜಾಂಬಾ. ಹೇಳಲು ಹೋಗಲಿಲ್ಲ. ತನ್ನ ಮಾತನ್ನೇ ಒಯ್ದು, ಅದಕ್ಕೆ ಉಪ್ಪು ಖಾರ ಹಾಕಿ ಊರಿಗೆಲ್ಲ ಬಡಿಸಿದಳಲ್ಲ ಎಂದು ಹೊಟ್ಟೆಯಲ್ಲಿ ಕಿಚ್ಚೆದ್ದಿತ್ತು. ತಾನು ಹೇಳಿದ್ದರೆ ಇವರು ಹೀಗೆ ಕೇಳುತ್ತಿದ್ದರೇ ಎಂಬ ಅನುಮಾನ ಅದಕ್ಕಿಂತ ಸುಡುತ್ತಿತ್ತು.

ಹೆಂಗಸರು ಯಾರ ಅಪ್ಪಣೆಗೂ ಕಾಯಲಿಲ್ಲ. ಮಾರನೆಯ ದಿನವೇ ಮಕ್ಕಳ ಜಡೆಯಿಂದ ದಾರಗಳು ಹಿಂದಕ್ಕೆ ಬಂದವು. ಸಾಲಿಗೊಂದು ಚಾಪೆ, ಸಾಲಿಗೊಂದು ಬಣ್ಣ. ವಾರ ಕಳೆದು ಚನ್ನಬಸವಯ್ಯನವರು ಬಂದು ಕಟ್ಟು ಬಿಚ್ಚಿಸಿ ನೋಡಿದಾಗ ಹಳದಿ ದಾರದವು ಮಾತ್ರ ಹಸಿಯಾಗಿದ್ದವು. ಆ ಸಾಲಿನ ಚಾಪೆ ಇದ್ದದ್ದು ಕಿಟಕಿಯ ಕೆಳಗೆ. ಎರಚಲು ನೇರ ಅದರ ಮೇಲೇ ಬೀಳುತ್ತಿತ್ತು. ಚಾಪೆ ಎಳೆದು ಒಳಗೋಡೆಗೆ ಹಾಕಿದರು, ಅಲ್ಲಿಗಾಯಿತು. ಯಾರೂ ಮನೆಗೆ ಹೋಗಲಿಲ್ಲ.

"ಬಸವಮ್ಮನೋರೆ," ಎಂದರು ಚನ್ನಬಸವಯ್ಯನವರು, ಕಟ್ಟು ಬಿಚ್ಚಿಕೊಟ್ಟವಳ ಕಡೆ ತಿರುಗಿ. ಇಷ್ಟು ವರ್ಷ 'ಏನಮ್ಮಾ' ಎನ್ನುತ್ತಿದ್ದವರು. ಗಿರಿಜಾಂಬಾಳ ಕೈ ತಾನಾಗಿ ಬೀಗದ ಗೊಂಚಲಿಗೆ ಹೋಯಿತು. "ಮೊನ್ನೆವರೆಗೂ ಒಪ್ಪದೆ ಇದ್ದೋರು ನೀವೆಲ್ಲ. ನಿಮಗೆ ತಿಳಿಸಿ ಹೇಳಿದ್ದು ಯಾರು?"

ಇಲವಾಲದ ಮನೆ, ಮೂಲೆಯ ಒಲೆ, ಎಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು. ಬಸವಮ್ಮ ಗಿರಿಜಾಂಬಾಳ ಕಡೆ ನೋಡಿದಳು.

"ಗಿರಿಜಮ್ನೋರೆಯ. ಪೆಟ್ಗೆ ಬಿಚ್ಚಿ ತೋರ್ಸಿ ಯೋಳುದ್ರು."

ಸುಳ್ಳೇನಲ್ಲ. ಉಳಿದದ್ದನ್ನು ಸೇರಿಸಬೇಕಾದವಳು ಗಿರಿಜಾಂಬಾ: 'ನಾನು ಹೇಳಿದ್ದು ಇವಳೊಬ್ಬಳಿಗೆ, ಇವರಿಗೆಲ್ಲ ಹೇಳಿದ್ದು ಇವಳು.' ಅಷ್ಟೇ ಮಾತು. ನಾಲಿಗೆಯ ತುದಿಗೂ ಬಂತು, ಅಲ್ಲೇ ನಿಂತಿತು. ಬಸವಮ್ಮ ಸೆರಗಿನಿಂದ ಕೈಯ ಕರಿ ಒರೆಸಿಕೊಳ್ಳುತ್ತ ಕಾದಂತೆ ನಿಂತಿದ್ದಳು. ಆಮೇಲೆ ಹೋಗಿ ತನ್ನ ಮಣೆಯ ಮುಂದೆ ಕೂತಳು.

"ಹಾಗಾದ್ರೆ ಇಲವಾಲ ನಿಮಗೇ" ಎಂದರು ಯಜಮಾನರು.

ಬೇಕಾದದ್ದು ಸಿಕ್ಕಿತು. ಆದರೆ ಸರಸ್ವತಿಪುರಂಗೆ ಹೋಗುವ ಸಿಟಿ ಬಸ್ಸಿನಲ್ಲಿ ಕೂತಾಗಲೂ ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಕೊಡುವ ಕೈ ಬಸವಮ್ಮನದಾಯಿತಲ್ಲ.

ದೀಪಾವಳಿ ಕಳೆದ ಮೇಲೆ ಇಲವಾಲದ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಬಣ್ಣದ ದಾರದ ಉಂಡೆಗಳನ್ನು ಕಂಡು ಹೊಸ ಹೆಂಗಸರು ಮುಖ ಮುಖ ನೋಡಿಕೊಂಡರು. "ಇದ್ಯಾಕ್ರವ್ವಾ?"

ಗಿರಿಜಾಂಬಾ ಬುತ್ತಿ ಬಿಚ್ಚಿ ಮುದ್ದೆಯ ಚೂರೊಂದನ್ನು ಮುರಿದಳು. ಜೊತೆಗೆ ತಂದಿದ್ದ ಹಸಿ ಕಡ್ಡಿ ಚುಚ್ಚಿ ಹಚ್ಚಿದಳು. ಅದು ನಂದಿತು. "ನೋಡ್ರವ್ವಾ. ಕಲ್ಕತ್ತದಲ್ಲಿ ಯಾವಳೋ ಒಬ್ಳು ಮಗೂಗೆ ಜ್ವರ ಅಂತ..." ಮಾತು ಅದೇ, ನಿಲ್ಲಿಸಿದ ಜಾಗವೂ ಅದೇ. ನಗಬೇಕಾದಲ್ಲಿ ಅವರು ನಕ್ಕರು.

"ಚೆನ್ನಾಗಿ ಹೇಳ್ತೀರಿ ಕಣ್ರವ್ವ," ಎಂದಳೊಬ್ಬಳು. "ಯಾರು ಕಲಿಸಿದ್ರು?"

ಗಿರಿಜಾಂಬಾ ಬಗ್ಗಿ ದಾರದ ಉಂಡೆ ಎತ್ತಿಕೊಂಡಳು.

"ಯಾರೂ ಇಲ್ಲ," ಎಂದಳು. "ಸಾಲಿಗೊಂದು ಬಣ್ಣ. ಮೊದಲನೇ ಸಾಲಿಗೆ ಕೆಂಪು."