ಸಾಲಿನ ತುದಿಯವಳು

"ಅಣೆಗಿಡಾಕೆ ಒಂದು ಕಾಸು ಸಿಕ್ತಿಲ್ವಲ್ಲ ಈ ಮನೇಲಿ!" ಎನ್ನುತ್ತ ಸ್ವಾಮಿ ದೊಡ್ಡಪ್ಪನ ಮೇಜಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಹಾಕುತ್ತಿದ್ದ. ಬಂದವರೆಲ್ಲರ ಜೇಬಿನಲ್ಲೂ ಫೋನಿತ್ತು, ಚಿಲ್ಲರೆ ಇರಲಿಲ್ಲ.

ನಡುಮನೆಯಲ್ಲಿ ತೀರಿಕೊಂಡ ಚೌಡಯ್ಯ ಮೇಷ್ಟ್ರನ್ನು ಚಾಪೆಯ ಮೇಲೆ ಮಲಗಿಸಿದ್ದರು; ಹೆಣದ ಹಣೆಗೆ ಅರಿಶಿನ ಹಚ್ಚಿ ಕಾಸು ಅಂಟಿಸಬೇಕಿತ್ತು. ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವರು. ತಲೆಯ ಬಳಿ ಕೂತಿದ್ದ ಹೆಂಡತಿ ಬೆಟ್ಟಮ್ಮನಿಗೆ ಇನ್ನೂ ಅಳು ಬಂದಿರಲಿಲ್ಲ. ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದರೂ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಊರಿಗೆಲ್ಲ ಚಿತ್ರ ಬರೆದುಕೊಟ್ಟ ಈ ಮನುಷ್ಯ ತನ್ನನ್ನು ಒಂದು ದಿನವಾದರೂ ಕಣ್ಣೆತ್ತಿ ನೋಡಿದ್ದರೇ? ಅದೊಂದು ಗೊತ್ತಾಗಿದ್ದರೆ ಅಳಬಹುದಿತ್ತು.

"ಇದೇನು ದೊಡ್ಡವ್ವ, ಕಾಸಿದ್ದಂಗೈತೆ?" ಸ್ವಾಮಿ ಬಟ್ಟೆಯ ಗಂಟು ಬಿಚ್ಚಿ ತಾಮ್ರದ ಬಿಲ್ಲೆಯೊಂದನ್ನು ಮುಂದೆ ಹಿಡಿದ. "ಹಿಂದ್ಗಡೆ 'ರಾಜ್ಯದ ನಾಣ್ಯ, ಎರಡನೇ ಚಿತ್ರ' ಅಂತ ದೊಡ್ಡಪ್ಪ ಕೆತ್ತವ್ರೆ."

*

ರಾಜ್ಯದ ನೆನಪಿಗೊಂದು ನಾಣ್ಯ ತರುತ್ತಾರಂತೆ, ಯಾರು ಬೇಕಾದರೂ ಚಿತ್ರ ಕಳಿಸಬಹುದಂತೆ ಎಂದು ಹಿಂದೊಂದು ವರ್ಷ ಪೇಪರಿನಲ್ಲಿ ಬಂದಿತ್ತು. ಮೇಷ್ಟ್ರಿಗೆ ಅನ್ನ ನೀರು ಬೇಡವಾಯಿತು. ಕೊನೆಗೊಂದು ಸಂಜೆ ಎರಡು ಹಾಳೆ ಹಿಡಿದು ಒಲೆಯ ಮುಂದೆ ಬಂದು ನಿಂತರು.

"ಒಂದೇ ಕಳ್ಸಬೇಕಂತೆ. ನೀನೇ ನೋಡಿ ಆರುಸು."

ಬೆಟ್ಟಮ್ಮ ಮುದ್ದೆ ತಿರುವುತ್ತಿದ್ದಳು. ಮೇಲಿದ್ದ ಹಾಳೆಯಲ್ಲಿ ಅಣೆಕಟ್ಟೆಯಂಥದ್ದೇನೋ ಕಂಡಿತು. "ಆ ಕಟ್ಟೆದೇ ಕಳ್ಸಿ. ಮುದ್ದೆ ಗಂಟಾಯ್ತದೆ, ಅತ್ಲಾಗೋಗಿ."

"ಇನ್ನೊಂದ ನೋಡಕ್ಕಿಲ್ವಾ?"

"ನಾನ್ಯಾವ ಚಿತ್ರ ಕಂಡೋಳು!"

ಅವರು ಹಾಳೆಗಳನ್ನು ಸುತ್ತಿಕೊಂಡು ಹೊರಟುಹೋದರು. ಕಟ್ಟೆಯ ಚಿತ್ರ ಅಂಚೆಗೆ ಬಿತ್ತು. ಆಯ್ಕೆಯಾದದ್ದು ಬೇರೆ ಯಾರದೋ. ಇನ್ನೊಂದರ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

*

ಬೆಟ್ಟಮ್ಮ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಸಾಲು, ಬಗ್ಗಿದ ಬೆನ್ನುಗಳು. ಸಾಲಿನಿಂದ ಮಾರು ದೂರದಲ್ಲಿ, ತುದಿಗೆ, ಒಬ್ಬಳೇ ಒಬ್ಬಳು. ಉಳಿದವರೆಲ್ಲ ಬಲಗೈಯಲ್ಲಿ ಪೈರು ಊರುತ್ತಿದ್ದರೆ ಅವಳದು ಎಡಗೈ.

ಮದುವೆಯಾಗಿ ಬಂದ ವರ್ಷವೇ "ಎಡಚಿ, ಕೈಗೆ ಕೈ ತಗುಲ್ತದೆ, ತುದೀಗೋಗು" ಎಂದು ಬೆಟ್ಟಮ್ಮನನ್ನು ಸಾಲಿನಿಂದ ಆಚೆ ಹಾಕಿದ್ದರು. ಅಲ್ಲಿಂದ ನಾಟಿ ಪದಕ್ಕೆ ದನಿಗೂಡಿಸಲೂ ಆಗುತ್ತಿರಲಿಲ್ಲ. ಭಾನುವಾರ ಮೇಷ್ಟ್ರು ಬದುವಿನ ಮೇಲೆ ಹಾಳೆ ಹಿಡಿದು ಕೂರುತ್ತಿದ್ದರು. ಬೆಳ್ಳಕ್ಕಿ ಬರೆಯುತ್ತಾರೆ ಅಂದುಕೊಂಡಿದ್ದಳು.

ಬಿಲ್ಲೆಯಲ್ಲಿ ಒಂದೂ ಬೆಳ್ಳಕ್ಕಿ ಇರಲಿಲ್ಲ.

"ಅದು ಕಾಸಲ್ಲ ಕಣಮ್ಮ, ಅಂಗಡಿಯಿಂದ ಒಂದ್ರುಪಾಯಿ ತರ್ಸನ" ಎಂದಳು ನೆರೆಮನೆಯ ಪಟ್ಟಲಮ್ಮ.

"ಬ್ಯಾಡ ಬುಡು. ಇದೇ ಇರ್ಲಿ." ಬಾರದಿದ್ದ ಅಳು ಈಗ ಬಂತು. ನೋಡಿದ್ದರು, ನೋಡದೆ ಹೋದವಳು ತಾನು. ಬೆಟ್ಟಮ್ಮ ಕಲಸಿದ ಅರಿಶಿನದಲ್ಲಿ ಹೆಬ್ಬೆರಳು ಅದ್ದಿದಳು.

"ಬಲಗೈಲಿಡು ಕಣಮ್ಮ!" ಎಂದು ಪಟ್ಟಲಮ್ಮ ಕೂಗಿದಳು.

ಅವಳಿಗೆ ಕೇಳಿಸಲಿಲ್ಲ. ಚಿತ್ರ ಮೇಲೆ ಮಾಡಿ ಗಂಡನ ಹಣೆಗೆ ಬಿಲ್ಲೆಯನ್ನು ಎಡಗೈಯಲ್ಲೇ ಒತ್ತಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡಳು.

ಚಟ್ಟ ಬೀದಿಯ ತಿರುವು ದಾಟಿತು. ಬೆಟ್ಟಮ್ಮ ಹೊಸಿಲ ಬಳಿ ಒಬ್ಬಳೇ ಕೂತು ಎಡಗೈಯ ಹೆಬ್ಬೆರಳು ನೋಡಿಕೊಂಡಳು. ಅರಿಶಿನದ ನಡುವೆ ಬಗ್ಗಿದ ಬೆನ್ನೊಂದರ ಅಚ್ಚು ಮೂಡಿತ್ತು.

ಪಟ್ಟಲಮ್ಮ ಚೊಂಬಿನಲ್ಲಿ ನೀರು ತಂದು, "ಕೈ ತೊಳ್ಕೊ ಬಾ" ಎಂದಳು.

ಬೆಟ್ಟಮ್ಮ ಬಲಗೈಯನ್ನಷ್ಟೇ ಒಡ್ಡಿದಳು.