ರಜೆ ಇಲ್ಲದ ನೋಂಬು

ಉಪವಾಸಕ್ಕೆ ನಾವು ನೋಂಬು ಎನ್ನುತ್ತೇವೆ. ರಂಜಾನ್ ಮುಗಿದ ಮೇಲೂ ನನ್ನ ಮಗಳು ಶಿಫಾ ಸೋಮವಾರ, ಗುರುವಾರ ಎಂದು ನೋಂಬು ಹಿಡಿಯತೊಡಗಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಸುಳ್ಳು ಯಾಕೆ ಹೇಳಲಿ! ಕಡಬ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ.

“ನಿನ್ನ ಪುಣ್ಯ ಮಾರಾಯ್ತಿ,” ಎಂದಳು ನೆರೆಮನೆಯ ಝುಲೈಖಾ. “ನಮ್ಮಲ್ಲಿ ಒಂದು ಉಂಟು, ಯಾವಾಗ ನೋಡಿದ್ರೂ ಬಿಸ್ಕತ್ತಿನ ಡಬ್ಬಿಗೆ ಕೈ.”

ಬರಬರುತ್ತಾ ನೋಂಬು ದಿನವೂ ಆಯಿತು. ಸಂಜೆ ಮಸೀದಿಯ ಬಾಂಗ್ ಕೇಳಿದ ಮೇಲೆ ಒಂದು ಖರ್ಜೂರ, ಒಂದು ಲೋಟ ನೀರು. ಮತ್ತೆ ಟಿವಿ ಎದುರು ಕೂತರೆ ಮುಗಿಯಿತು. ಡ್ಯಾನ್ಸ್ ಸ್ಪರ್ಧೆಯಲ್ಲಿ ದಪ್ಪಗಿದ್ದ ಹುಡುಗಿಯೊಬ್ಬಳು ಸಪೂರ ಆಗಿ ಬಂದಾಗ ಜಡ್ಜು ಎದ್ದು ನಿಂತು ಚಪ್ಪಾಳೆ ತಟ್ಟಿದ. ಶಿಫಾ ತನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಸುತ್ತಿ ನೋಡಿದಳು. ಬಳೆಯ ಅಳತೆ ಇರಬೇಕು ಎಂದುಕೊಂಡೆ.

“ಅನ್ನ ಉಣ್ಣು ಮಗಳೇ.”

“ಹೊಟ್ಟೆ ತುಂಬಿದೆ ಉಮ್ಮ.”

ಒಂದು ಖರ್ಜೂರಕ್ಕೆ ತುಂಬುವ ಹೊಟ್ಟೆ ಎಂಥದ್ದು? ಬೈಯೋಣವೆಂದರೆ ನೋಂಬಿಗೇ ಬೈದ ಹಾಗಾಗುತ್ತದೆ. ಸುಮ್ಮನಿರೋಣವೆಂದರೆ ಅವಳ ಕೆನ್ನೆಯ ಎಲುಬು ಕಾಣುತ್ತದೆ. ನನಗೆ ತಲೆಬುಡ ತಿಳಿಯಲಿಲ್ಲ.

ಒಂದು ದಿನ ಝುಲೈಖಾಳ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ: “ಈ ಮೂರು ತಿಂಗಳಲ್ಲಿ ಒಂದು ನೋಂಬು ಬಿಟ್ಟವಳಲ್ಲ, ಒಂದು ನಮಾಝ್ ಬಿಟ್ಟವಳಲ್ಲ.” ಹೇಳಿ ಬಾಯಿ ಮುಚ್ಚುವ ಮೊದಲೇ ಮನಸ್ಸಿನಲ್ಲಿ ತಿಂಗಳ ಲೆಕ್ಕ ಹಾಕಿದೆ. ಮುಟ್ಟಾದಾಗ ಹೆಂಗಸರಿಗೆ ಎರಡಕ್ಕೂ ರಜೆ. ಇವಳ ರಜೆ ಎಲ್ಲಿ ಹೋಯಿತು?

ಯಾ ರಬ್ಬೇ! ಬರಬಾರದ ಯೋಚನೆಯೆಲ್ಲ ಬಂತು. ಕಾಲೇಜು, ಬಸ್ಸು, ಮೊಬೈಲು, ಯಾರಾದರೂ ಹುಡುಗ... ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ. ಗಂಡನಿಗೂ ಹೇಳದೆ ಅವಳನ್ನು ಪುತ್ತೂರಿನ ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಪರೀಕ್ಷೆ ಮಾಡಿದ ಡಾಕ್ಟರು ನನ್ನ ಮುಖ ನೋಡಿ, “ನೀವು ಹೆದರಿದ ಹಾಗೆ ಎಂತದೂ ಇಲ್ಲ,” ಎಂದರು.

“ಅಲ್ಹಮ್ದುಲಿಲ್ಲಾಹ್!” ಎಂದೆ, ಜೋರಾಗಿಯೇ.

“ಖುಷಿ ಪಡುವ ವಿಷಯ ಅಲ್ಲಮ್ಮ. ಹೊಟ್ಟೆಗೆ ಇಲ್ಲದೆ ಮುಟ್ಟು ನಿಂತದ್ದು. ಹೀಗೇ ಬಿಟ್ಟರೆ ಹುಡುಗಿ ಕೈಗೆ ಸಿಗುದಿಲ್ಲ.”

ಹಸಿವಂತೆ! ಅಡುಗೆಮನೆಯಲ್ಲಿ ಅಕ್ಕಿ, ಮೀನು ಎಲ್ಲ ಇರುವ ಮನೆಯಲ್ಲಿ ಹಸಿವು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು ಬಿರಿಯಾನಿ ತರಿಸಿದೆ. ನೋಂಬಿಗೆ ಮೊದಲು ಮನಸ್ಸಿನಲ್ಲಿ ನಿಯ್ಯತ್ ಮಾಡಬೇಕು, ಇದು ಯಾರಿಗಾಗಿ ಎಂಬ ಸಂಕಲ್ಪ. ಸಿಟ್ಟು ತಡೆಯಲಾರದೆ ಕೇಳಿಯೇಬಿಟ್ಟೆ: “ನಿಯ್ಯತ್ ಯಾರಿಗೆ ಮಾಡುದು ನೀನು? ಅಲ್ಲಾಹನಿಗಾ, ಟಿವಿಗಾ?”

ಶಿಫಾಳ ಕಣ್ಣು ತುಂಬಿತು. “ಮೊದಲು ಅಲ್ಲಾಹನಿಗೇ ಉಮ್ಮ. ಮತ್ತೆ ಎಲ್ಲರೂ ಸಪೂರ ಆದೆ, ಚಂದ ಆದೆ ಅಂದರು. ಈಗ ಯಾರಿಗೆ ಅಂತ ನನಗೂ ಗೊತ್ತಿಲ್ಲ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. “ಇವತ್ತಿನ ನೋಂಬು ಮುರಿದ ಪಾಪ ನನಗಿರಲಿ, ಬಾಯಿ ತೆರೆ,” ಎಂದು ತುತ್ತು ಇಟ್ಟೆ. ಅವಳು ಹಟ ಮಾಡಲಿಲ್ಲ. ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು.

“ನುಂಗು ಮಗಳೇ.”

ತುಂಬಿದ ಬಾಯಿಗೆ ಕೈ ಅಡ್ಡ ಹಿಡಿದು ಅವಳು ಹೇಳಿದಳು: “ಆಗುದಿಲ್ಲ ಉಮ್ಮ.”