ಫ್ಲೆಕ್ಸಿನ ಬೆನ್ನು

ತಿಮ್ಮೇಶ್ ಸ್ಟೂಲಿನ ಮೇಲೆ ನಿಂತು ಫ್ಲೆಕ್ಸಿನ ಎಡಮೂಲೆಯ ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದಾಗ ಕಸ್ತೂರಮ್ಮ ವಿಭೂತಿಯ ಗಟ್ಟಿಯನ್ನು ಹಿಡಿದು ಒಳಗಿನಿಂದ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಜಗಲಿಯ ಮೇಲೆ ಮರದ ಕುರ್ಚಿಯಲ್ಲಿ ಅವಳ ಗಂಡ ಬೆನಕಪ್ಪ ಕೂತಿದ್ದ. ಹೊಸ ಪಂಚೆ, ಹೆಗಲಿಗೆ ಶಲ್ಯ, ತಲೆ ವಾಲದಂತೆ ಗಲ್ಲದಡಿಯಿಂದ ಎಳೆದು ಕಟ್ಟಿದ ಬಿಳಿ ಬಟ್ಟೆ. ನಿನ್ನೆ ಸಂಜೆ ಹೋದ ಜೀವ. ಬೆಳಗಿನ ಸ್ನಾನ ಮಾಡಿಸಿ ಈಗಷ್ಟೇ ಕೂರಿಸಿದ್ದರು. ಅವನ ಹಿಂದೆ ನ್ಯಾಮತಿಯ ಹಳೆಯ ಮಣ್ಣುಗೋಡೆ ಇರಬೇಕಾದ ಜಾಗದಲ್ಲಿ ಹಿಮದ ಬೆಟ್ಟವೊಂದು ಎದ್ದು ನಿಂತಿತ್ತು.

ಬರೀ ಬೆಟ್ಟವಲ್ಲ. ಬೆಟ್ಟದಿಂದ ಎರಡು ಜಲಪಾತ, ಜಲಪಾತದ ಬುಡದಲ್ಲಿ ಹಂಸ, ಹಂಸದ ಪಕ್ಕದಲ್ಲಿ ಜಿಂಕೆ, ಬೆಟ್ಟದ ನೆತ್ತಿಯ ಮೇಲೆ ಒಂದೇ ಹೊತ್ತಿಗೆ ಸೂರ್ಯನೂ ಚಂದ್ರನೂ. ಮೇಲೆ ಹೊಂಬಣ್ಣದ ಅಕ್ಷರದಲ್ಲಿ ‘ಲಿಂಗೈಕ್ಯ ಶ್ರೀ ಬೆನಕಪ್ಪನವರು, ಕಲಾವಿದರು’ ಎಂದು ಬರೆದಿತ್ತು. ಬದುಕಿದ್ದಾಗ ಅವನನ್ನು ಕಲಾವಿದರು ಎಂದವರು ಯಾರೂ ಇರಲಿಲ್ಲ. ಬೋರ್ಡು ಬೆನಕಪ್ಪ ಎಂದರೆ ಮಾತ್ರ ಊರಿಗೆ ಗುರುತು.

“ತಿಮ್ಮೇಶಿ, ಇದನ್ನ ಇಳಿಸಪ್ಪ” ಎಂದಳು ಕಸ್ತೂರಮ್ಮ.

ತಿಮ್ಮೇಶ್ ಪಾಪ, ಓರೆಯಾಗಿದೆ ಎಂದುಕೊಂಡ. ಎಡಮೂಲೆಯನ್ನು ಬೆರಳಷ್ಟು ಕೆಳಗೆಳೆದು, “ಈಗ ಸರಿ ಆತೇನಕ್ಕ?” ಎಂದು ಕೇಳಿದ.

“ಓರೆ ಅಲ್ಲಪ್ಪ. ಅವರ ಹಿಂದೆ ಅದು ಬ್ಯಾಡ.”

ಜಗಲಿಯ ಮೇಲೂ ಶಾಮಿಯಾನದ ಕೆಳಗೂ ಕೂತಿದ್ದ ಹೆಂಗಸರು ಅಳುವುದನ್ನು ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡಿದರು. ಮಗ ಗುರುಬಸವರಾಜ್ ಹೂವಿನ ಹಾರ ಹಿಡಿದೇ ಓಡಿ ಬಂದ. ನ್ಯಾಮತಿಯಲ್ಲೇ ಪೈಪು, ಮೋಟರಿನ ಅಂಗಡಿ ಇಟ್ಟವನು ಅವನು. ನಾಲ್ಕು ಜನರ ಮುಂದೆ ಮಾತು ಏರಬಾರದು ಎನ್ನುವ ಜಾತಿ. ಅವ್ವನ ಕಿವಿಯ ಹತ್ತಿರ ಬಗ್ಗಿ, ಗೋಡೆ ಸುಣ್ಣ ಉದುರಿ ಬೋಳಾಗಿದೆ, ದಾವಣಗೆರೆಯಿಂದ ಬೀಗರು ಬರುತ್ತಾರೆ, ಫೋಟೊದವನು ಬಂದು ಕೂತಿದ್ದಾನೆ, ತಿಮ್ಮೇಶಣ್ಣ ರಾತ್ರಿ ನಿದ್ದೆಗೆಟ್ಟು ತನ್ನ ಖುಷಿಗೆ ಮಾಡಿಕೊಂಡು ಬಂದದ್ದು ಎಂದು ಒಂದೇ ಉಸಿರಿಗೆ ಹೇಳಿದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಕಸ್ತೂರಮ್ಮ ಹಟಮಾರಿ ಹೆಂಗಸಲ್ಲ. ನಿನ್ನೆಯಿಂದ ಯಾರು ಏನು ಹೇಳಿದರೂ ಹೂಂ ಎಂದಿದ್ದಳು. ಎಷ್ಟು ಹೊತ್ತಿಗೆ ಎತ್ತುವುದು, ಯಾವ ಭಜನೆಯವರು, ಕೂರಿಸಿ ಹೊತ್ತೊಯ್ಯುವ ವಿಮಾನಕ್ಕೆ ಬಾಳೆಕಂಬವೋ ಬಿದಿರೋ, ಎಲ್ಲಕ್ಕೂ ಹೂಂ. ಆದರೆ ಇದು ಬೇರೆ. ಹೀಗೆ ಕೂತ ಭಂಗಿಯಲ್ಲೇ ಅವನನ್ನು ಮಣ್ಣಿನೊಳಗೆ ಇಳಿಸುವವರಿದ್ದರು. ಇವತ್ತು ತೆಗೆಯುವ ಫೋಟೊವೇ ನಾಳೆಯಿಂದ ಮನೆಯ ಗೋಡೆಯ ಮೇಲೆ ಬೆನಕಪ್ಪ. ಮೊಮ್ಮಕ್ಕಳು ನೋಡುವುದು ಅದನ್ನೇ. ಜೀವಮಾನವಿಡೀ ಇಂಥ ಬೆಟ್ಟವನ್ನು ಬರೆಯಲೊಲ್ಲೆ ಎಂದವನ ಬೆನ್ನಿಗೆ, ಅವನು ಬೇಡ ಎನ್ನಲಾರದ ದಿನ ನೋಡಿ ಈ ಬೆಟ್ಟವನ್ನು ಕಟ್ಟಿಬಿಡುವುದೇ?

“ಅವರು ಅಲ್ಲಿ ನಿಂತಿಲ್ಲ. ಆ ಫೋಟೊ ನಾನು ತೆಗಿಯಾಕೆ ಬಿಡಲ್ಲ” ಎಂದಳು.

*

ನ್ಯಾಮತಿಯಿಂದ ಹೊನ್ನಾಳಿಯವರೆಗೆ ಗೊಬ್ಬರದಂಗಡಿ, ಹಿಟ್ಟಿನ ಗಿರಣಿ, ಕಟಿಂಗ್ ಶಾಪು, ಟ್ರ್ಯಾಕ್ಟರಿನ ಹಿಂಬದಿ, ಎಲ್ಲ ಕಡೆಯೂ ಒಂದು ಕಾಲಕ್ಕೆ ಬೆನಕಪ್ಪನ ಅಕ್ಷರವೇ. ‘ಳ’ ಬರೆಯುವಾಗ ಮಾತ್ರ ಬಾಲವನ್ನು ಸ್ವಲ್ಪ ಜಂಬದಿಂದ ಎಳೆಯುತ್ತಿದ್ದ, ಉಳಿದಂತೆ ಸಾಧು. ಆಮೇಲೆ ಫ್ಲೆಕ್ಸು ಬಂತು. ಅವನು ಎರಡು ದಿನ ಬರೆಯುತ್ತಿದ್ದುದನ್ನು ಮಿಷನ್ನು ಚಹಾ ಕುಡಿದು ಮುಗಿಸುವುದರೊಳಗೆ ಉಗುಳತೊಡಗಿತು. ಹೊನ್ನಾಳಿಯಲ್ಲಿ ಆ ಮಿಷನ್ನು ತಂದು ಹಾಕಿದವನು ಬೇರೆ ಯಾರೂ ಅಲ್ಲ, ಬೆನಕಪ್ಪನ ಕೈಕೆಳಗೆ ಬ್ರಶ್ಶು ಹಿಡಿಯುವುದನ್ನು ಕಲಿತ ತಿಮ್ಮೇಶ್.

ಇಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ ಎಂದು ಊರು ಬಾಯಿ ಬಿಟ್ಟುಕೊಂಡು ಕಾಯಿತು. ಬೆನಕಪ್ಪ ಅಂಗಡಿಗೆ ಹೋದ, ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಫ್ಲೆಕ್ಸುಗಳನ್ನು ಬಿಚ್ಚಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಂದೆ ಯಾರದೋ ಹುಟ್ಟುಹಬ್ಬದ ನಗು, ಹಿಂದೆ ಅಚ್ಚ ಬಿಳಿ.

“ಇದರ ಮುಖ ನಿಂಗೇ ಇರಲಿ, ಬೆನ್ನು ನಂಗೆ ಕೊಡು” ಎಂದ.

ಅಂದಿನಿಂದ ಅದೇ ಅವನ ನೇಮವಾಯಿತು. ಬೆಳಿಗ್ಗೆ ಎದ್ದವನು ನಿನ್ನೆಯ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತಿದ್ದ. “ನಿನ್ನೇದು ನಿನ್ನೆ” ಎನ್ನುತ್ತಿದ್ದ. ಮರದ ರೀಪಿನ ಚೌಕಟ್ಟಿಗೆ ಇನ್ನೊಂದು ಫ್ಲೆಕ್ಸಿನ ತುಂಡನ್ನು ಬಿಳಿ ಮೇಲಾಗುವಂತೆ ಮೊಳೆ ಹೊಡೆದು, ಬೋರ್ಡಿಗೆ ತಂದು ಉಳಿದ ಬಣ್ಣದ ಡಬ್ಬಿಗಳನ್ನು ಚೀಲಕ್ಕೆ ತುಂಬಿ, ಮೊಪೆಡ್ ಹತ್ತಿ ಹೊರಡುತ್ತಿದ್ದ. ಹೋಗುವುದಾದರೂ ಎಲ್ಲಿಗೆ? ಸಾಸ್ವೆಹಳ್ಳಿ ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳ. ಸಂತೆ ಮುಗಿದ ಮೈದಾನದಲ್ಲಿ ಬಿದ್ದ ಕೋಸಿನ ಎಲೆ. ಸೂರಗೊಂಡನಕೊಪ್ಪದ ತಿರುವಿನಲ್ಲಿ ಜಾತ್ರೆಯ ಕಾಲುನಡಿಗೆಯವರು ಬಿಟ್ಟುಹೋದ ಚಪ್ಪಲಿಗಳು. ಬಸ್‌ಸ್ಟ್ಯಾಂಡಿನ ಹಿಂದಿನ ಟ್ರಾನ್ಸ್‌ಫಾರ್ಮರು. ಕೂತು ಬರೆದವನೇ ಅಲ್ಲ. ಬಿಸಿಲು ನೆತ್ತಿಗೆ ಬರುವವರೆಗೂ ನಿಂತೇ ಬರೆಯುತ್ತಿದ್ದ. ಹಾದು ಹೋಗುವವರು, ಇಲ್ಲೇನೈತೆ ಅಂತ ಬರಿತೀರಿ ಎಂದು ಕೇಳಿದರೆ, ನಾನು ನಿಂತೀನಲ್ಲ, ಅಷ್ಟು ಐತೆ ಎನ್ನುತ್ತಿದ್ದ. ಕೇಳಿದವರು ತಲೆ ಸರಿಯಿಲ್ಲ ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದರು.

ಮಾರಿದ್ದು ಕಡಿಮೆ. ಕೊಟ್ಟದ್ದೂ ಕಡಿಮೆ, ಏಕೆಂದರೆ ತಿಪ್ಪೆಯ ಚಿತ್ರವನ್ನು ಯಾರು ತಾನೇ ಮನೆಗೆ ಒಯ್ದಾರು?

*

ಮಗಳು ಸಂಧ್ಯಾರಾಣಿ ಜಗಳೂರಿನಿಂದ ಬಂದಿಳಿದಾಗ ಫ್ಲೆಕ್ಸು ಹಾಗೇ ಇತ್ತು, ಕಸ್ತೂರಮ್ಮನೂ ಹೊಸ್ತಿಲಲ್ಲಿ ಹಾಗೇ ಇದ್ದಳು. ಮಗಳು ಅಪ್ಪನ ಕಾಲು ಹಿಡಿದು ಅತ್ತು, ಕಣ್ಣೊರೆಸಿಕೊಂಡು ತಲೆಯೆತ್ತಿದವಳು ಹಂಸವನ್ನು ನೋಡಿ ಬೆಚ್ಚಿದಳು. ಅವಳಿಗೂ ಅಪ್ಪನ ರೀತಿ ಗೊತ್ತು. ಜಗಳ ಬೇಡ, ಅಪ್ಪಾಜಿ ಬರೆದ ಚಿತ್ರವನ್ನೇ ಒಂದನ್ನು ಹಿಂದೆ ಇಟ್ಟರಾಯಿತಲ್ಲ ಎಂದಳು.

ಒಳ್ಳೆಯ ಮಾತೇ. ಅಣ್ಣ ತಂಗಿ ಇಬ್ಬರೂ ನಡುಕೋಣೆಯ ಬಾಗಿಲು ತೆಗೆದರು. ಒಳಗೆ ನೆಲದಿಂದ ಅಟ್ಟದವರೆಗೆ ಚೌಕಟ್ಟುಗಳು, ಎಲ್ಲವೂ ಗೋಡೆಗೆ ಮುಖ ಮಾಡಿ ನಿಂತಿದ್ದವು. ಈಚೆಗೆ ಕಂಡದ್ದು ಬರೀ ಬೆನ್ನು, ಅಂದರೆ ಫ್ಲೆಕ್ಸುಗಳ ಮುಖ. ಸತ್ತ ಮನೆಯಲ್ಲಿ ಹೊನ್ನಾಳಿ ತಾಲ್ಲೂಕಿನ ಅಷ್ಟೂ ಪುಢಾರಿಗಳು ಕೈ ಮುಗಿದು ನಗುತ್ತಿದ್ದರು. ಒಬ್ಬರಿಗೆ ಹುಟ್ಟುಹಬ್ಬದ ಶುಭಾಶಯ, ಒಬ್ಬರಿಗೆ ಹಾರ್ದಿಕ ಸ್ವಾಗತ. ಗುರುಬಸವರಾಜ್ ಒಂದೊಂದನ್ನೇ ತಿರುಗಿಸಿ ನೋಡಿದ. ತಿಪ್ಪೆ. ಒಡೆದ ಸಿಮೆಂಟ್ ಪೈಪು. ಪಂಚರ್ ಅಂಗಡಿಯ ಟೈರುಗಳು.

“ಇದನ್ನ ಹೆಂಗೆ ಇಡೋದು ಹೇಳು? ಬೀಗರು ಏನಂತಾರೆ? ಸತ್ತೋರ ತಲೆ ಹಿಂದೆ ತಿಪ್ಪೆ ಇಡಾಕೆ ಆಗ್ತೈತಾ?” ಎಂದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಅಪ್ಪ ಸತ್ತದ್ದು ಅವನಿಗೂ ಆಗಷ್ಟೇ ತಟ್ಟಿದಂತಿತ್ತು.

ಬಾಗಿಲ ಪಕ್ಕದಲ್ಲಿ ನಿನ್ನೆಯ ಚಿತ್ರವಿತ್ತು. ಅದೊಂದೇ ಈಚೆಗೆ ಮುಖ ಮಾಡಿದ್ದು. ಕಾಲಲ್ಲಿ ಶಕ್ತಿ ಹೋದ ಮೇಲೆ ಬೆನಕಪ್ಪ ದೂರ ಹೋಗುತ್ತಿರಲಿಲ್ಲ. ಜಗಲಿಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು ನಿಂತು ಮನೆಯೆದುರಿನ ಬೀದಿಯನ್ನೇ ಬರೆಯುತ್ತಿದ್ದ. ನಿನ್ನೆ ಬೆಳಿಗ್ಗೆಯೂ ಬರೆದಿದ್ದ. ಎದುರುಮನೆ ದುರುಗಕ್ಕನ ಎಮ್ಮೆ, ನಲ್ಲಿ, ಒಂದಿಷ್ಟು ಬಿಸಿಲು.

“ಇದನ್ನಾದ್ರೂ ಇಡಾನ ಅವ್ವ” ಎಂದಳು ಸಂಧ್ಯಾರಾಣಿ.

ಅಷ್ಟು ಹೊತ್ತಿಗೆ ದುರುಗಕ್ಕನೇ ಬಾಗಿಲಿಗೆ ಬಂದಿದ್ದಳು. ಚಿತ್ರ ನೋಡಿ ಮೂಗು ಒರೆಸಿಕೊಂಡಳು.

“ನೋಡು ಕಸ್ತೂರಕ್ಕ, ಇದರಾಗೂ ಮುರಿದ ಕೊಂಬೇ” ಎಂದಳು. “ಕೊಂಬು ಮುರಿದೈತೆ ಅಂತ ಊರಿಗೆಲ್ಲ ಯಾಕೆ ಸಾರ್ತೀರಿ, ನೆಟ್ಟಗೆ ಬರೀರಿ ಅಂತ ಎಷ್ಟು ಬೇಡ್ಕೊಂಡೆ. ಕೊಂಬು ನೆಟ್ಟಗಾದ ದಿನ ಬರಿತೀನಿ ಅಂದ್ಬಿಟ್ರು. ನಾನು ಒಂದು ವರ್ಷ ಮಾತು ಬಿಟ್ಟಿದ್ದೆ.”

ಅಳುವಿನ ನಡುವೆ ಹೆಂಗಸರು ನಕ್ಕರು. ಕಸ್ತೂರಮ್ಮ ನಗಲಿಲ್ಲ. ಬೆನಕಪ್ಪನ ಜೊತೆ ಮಾತು ಬಿಟ್ಟವಳು ದುರುಗಕ್ಕ ಒಬ್ಬಳೇ ಅಲ್ಲ.

*

ಮನೆಗೆ ಹೊಸದಾಗಿ ಸುಣ್ಣ ಬಣ್ಣ ಮಾಡಿಸಿದ ವರ್ಷ ಅದು. ಕಸ್ತೂರಮ್ಮ ಗಂಡನ ಮುಂದೆ ಒಂದು ಕ್ಯಾಲೆಂಡರು ತಂದು ಹರಡಿದ್ದಳು. ಬೆಟ್ಟ, ಜಲಪಾತ, ಹಂಸ. ಹೆಚ್ಚುಕಡಿಮೆ ಇವತ್ತಿನ ಫ್ಲೆಕ್ಸಿನದೇ. ನಡುಮನೆಗೆ ಇದನ್ನೊಂದು ಬರೆದುಕೊಡಿ, ಇಷ್ಟು ವರ್ಷಕ್ಕೆ ನಾನು ಕೇಳುತ್ತಿರುವುದು ಇದೊಂದೇ ಎಂದಿದ್ದಳು. ನಿಜವಾಗಿ ಅವಳಿಗೆ ಆಸೆಯಿತ್ತು. ಹಾಸಿಗೆಯಲ್ಲಿ ಮಲಗಿ ನೀರು ಬೀಳುವುದನ್ನು ನೋಡಬೇಕು ಎಂದಿತ್ತು.

ಬೆನಕಪ್ಪ ಬಹಳ ಹೊತ್ತು ಕ್ಯಾಲೆಂಡರು ನೋಡಿದ. “ನಾನು ಅಲ್ಲಿ ನಿಂತಿಲ್ಲ ಕಣೆ. ಹೆಂಗೆ ಬರೀಲಿ?” ಎಂದ.

ಬೆನಕಪ್ಪ ಬರೆದೇ ಬರೆಯುತ್ತಾನೆ ಎಂದು ಅವಳು ಒಂದು ವಾರ ಕಾದಳು. ಒಂದು ಮಧ್ಯಾಹ್ನ ಕರೆದು ತೋರಿಸಿದ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ವಾಷರ್ ಹೋದ ನಲ್ಲಿ, ನಲ್ಲಿಯ ಬಾಯಲ್ಲಿ ಬೀಳಲೋ ಬೇಡವೋ ಎನ್ನುತ್ತಿದ್ದ ಒಂದು ಹನಿ. ನೀರು ಬೇಕು ಅಂದೆಯಲ್ಲ ಎಂದ. ಕಸ್ತೂರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತು ಬಿಟ್ಟಳು, ತಟ್ಟೆಯನ್ನು ಸದ್ದು ಮಾಡಿ ಇಟ್ಟಳು, ತವರಿಗೂ ಹೋಗಿ ಬಂದಳು. ಬಂದ ಮೇಲೆ ಒಂದು ದಿನ ಒಬ್ಬಳೇ ಇದ್ದಾಗ ಆ ಚಿತ್ರವನ್ನು ತಿರುಗಿಸಿ ನೋಡಿದಳು. ಕಲ್ಲಿನ ಒಂದು ಅಂಚು ನುಣುಪಾಗಿ ಸವೆದಿತ್ತು. ದಿನವೂ ತಾನೇ ಒಗೆದು ಒಗೆದು ಸವೆಸಿದ ಅಂಚು. ಅಷ್ಟು ವರ್ಷ ಒಗೆದಿದ್ದರೂ ಅವಳು ಅದನ್ನು ಗಮನಿಸಿರಲಿಲ್ಲ. ಅವನು ಹಿತ್ತಿಲಲ್ಲಿ ನಿಂತು ಗಮನಿಸಿದ್ದ.

ಆ ಚಿತ್ರವನ್ನು ಅಡುಗೆಮನೆಯಲ್ಲಿ ಅವಳೇ ಮೊಳೆ ಹೊಡೆದು ನೇತುಹಾಕಿದಳು. ಅಷ್ಟರಲ್ಲೇ ರಾಜಿಯಾಗಿತ್ತು.

*

“ಅವ್ವ, ಇದನ್ನೇ ಇಡಾನ?” ಎಂದು ಸಂಧ್ಯಾರಾಣಿ ಮತ್ತೆ ಕೇಳಿದಳು.

ಕಸ್ತೂರಮ್ಮ ಮಗಳ ಕೈಯಿಂದ ಎಮ್ಮೆಯ ಚಿತ್ರವನ್ನು ತೆಗೆದುಕೊಂಡಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಚು ಹಿಡಿದು, ಒರೆಸಿಹೋಗದಂತೆ ನಿಧಾನವಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

“ಇದು ನಿನ್ನೇದು” ಎಂದಳು.

ಹೊರಗೆ ಬಂದು ನೋಡಿದರೆ ತಿಮ್ಮೇಶ್ ಯಾರ ಮಾತಿಗೂ ಕಾಯದೆ ಸ್ಟೂಲು ಹತ್ತಿ ಹಗ್ಗ ಬಿಚ್ಚುತ್ತಿದ್ದ. ಮುಖ ಸಪ್ಪಗಾಗಿತ್ತು. ಪೂಜೆಗೆ ಬಂದಿದ್ದ ಅಯ್ಯನವರು, ಎದುರಿಗೆ ಅಂಗೈಯಲ್ಲಿ ಲಿಂಗವಿದ್ದರೆ ಸಾಕು, ಹಿಂದೆ ಏನಿದ್ದರೇನು ಎಂದು ಸಮಾಧಾನ ಹೇಳುತ್ತಿದ್ದರು. ತಿಮ್ಮೇಶ್ ತಲೆಯಾಡಿಸಿ, “ನನ್ನ ಕೈಲಿ ಅವರಿಗೆ ಕೊಡಾಕೆ ಇದ್ದಿದ್ದೇ ಇದು, ಅಯ್ಯಾರೆ. ಹೋಗ್ಲಿ ಬಿಡ್ರಿ” ಎಂದ. ಅವನ ಕಣ್ಣು ತುಂಬಿದ್ದನ್ನು ಕಸ್ತೂರಮ್ಮ ನೋಡಿದಳು. ಅವನನ್ನು ನೋಯಿಸಿ ಗಂಡನನ್ನು ಕಳಿಸಿಕೊಟ್ಟರೆ ಗಂಡನೂ ಮೆಚ್ಚುವುದಿಲ್ಲ. ಹಾಗಂತ ಬೆಟ್ಟಕ್ಕೆ ಒಪ್ಪುವುದು ಸಾಧ್ಯವೇ ಇರಲಿಲ್ಲ.

ಎಡಮೂಲೆಯ ಗಂಟು ಬಿಚ್ಚಿತು. ಫ್ಲೆಕ್ಸಿನ ಮೂಲೆ ಮಡಚಿಕೊಂಡು ಕೆಳಗೆ ಜೋತುಬಿತ್ತು. ಸೂರ್ಯ ಮುಚ್ಚಿಹೋಗಿ, ಅಲ್ಲಿ ಹಿಂಬದಿಯ ಬಿಳಿ ಕಂಡಿತು.

“ತಡಿ ತಿಮ್ಮೇಶಿ. ಬಿಚ್ಚಿ ಒಯ್ಯಬ್ಯಾಡ” ಎಂದಳು. “ಅವರು ದಿನಾ ಬೆಳಿಗ್ಗೆ ಏನು ಮಾಡ್ತಿದ್ರು, ನಿಂಗೊತ್ತೈತಲ್ಲ. ಹಂಗೇ ಮಾಡು.”

ತಿಮ್ಮೇಶ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಗುರುಬಸವರಾಜನನ್ನು ಕರೆದ. ಇಬ್ಬರೂ ಎರಡು ತುದಿ ಹಿಡಿದು ಫ್ಲೆಕ್ಸನ್ನು ತಿರುಗಿಸಿದರು. ಹಿಮದ ಬೆಟ್ಟ, ಜಲಪಾತ, ಹಂಸ, ಜಿಂಕೆ, ಕಲಾವಿದರು ಎಂಬ ಹೊಂಬಣ್ಣದ ಅಕ್ಷರ, ಎಲ್ಲವೂ ಗೋಡೆಯ ಕಡೆಗೆ ಹೋದವು. ತಿಮ್ಮೇಶ್ ನಾಲ್ಕೂ ಮೂಲೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿದ. ಬೆನಕಪ್ಪನ ಹತ್ತಿರ ಕಲಿತ ಕೈ ಅದು. ಕೆಳಗಿಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಈಗ ಸರಿ ಆತಕ್ಕ ಎಂದ. ಈ ಸಲ ಕೇಳಲಿಲ್ಲ.

ಕಸ್ತೂರಮ್ಮ ಗಂಡನ ಹಣೆಗೆ ವಿಭೂತಿ ಎಳೆದಳು. ಹಿಂದಿನ ಬಿಳಿಗೆ ಹಣೆಯ ಬಿಳಿ ಹೊಂದಿಕೊಂಡಿತು. ಪಕ್ಕದಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತು, ತೆಗಿಯಪ್ಪ ಎಂದಳು. ಮಕ್ಕಳು ಬಂದು ಹಿಂದೆ ನಿಲ್ಲಲು ಹೋದಾಗ, ಬೆಳ್ಳಗಿರಲಿ, ಮುಚ್ಚಬೇಡಿ ಎಂದು ಅವರನ್ನು ಕೆಳಗೆ ಕೂರಿಸಿದಳು.

ಫೋಟೊದವನು ಕ್ಯಾಮೆರಾ ಎತ್ತಿದವನು ಮತ್ತೆ ಇಳಿಸಿದ. ಬೀದಿಯಲ್ಲಿ ದುರುಗಕ್ಕನ ಎಮ್ಮೆ ಬಂದು ನಿಂತಿತ್ತು. ದಿನವೂ ಈ ಹೊತ್ತಿಗೆ ಕಸ್ತೂರಮ್ಮ ಕಲಗಚ್ಚಿನ ಬಕೆಟ್ಟು ಇಡುತ್ತಿದ್ದಳು. ಇವತ್ತು ಇಟ್ಟಿಲ್ಲವೆಂದು ಅದಕ್ಕೆ ಹೇಳಿದವರು ಯಾರು? ಮೂಡಲ ಬಿಸಿಲು ಶಾಮಿಯಾನದ ಅಂಚಿನಡಿಯಿಂದ ತೂರಿ ನೇರವಾಗಿ ಜಗಲಿಗೆ ಬೀಳುತ್ತಿತ್ತು.

“ಯಾರಾದ್ರೂ ಆ ಎಮ್ಮೆ ಹೊಡೀರಿ. ನೆರಳು ಬೀಳ್ತೈತೆ” ಎಂದ ಫೋಟೊದವನು.

ದುರುಗಕ್ಕ ಎದ್ದಳು. ಕಸ್ತೂರಮ್ಮ ಕೂತಲ್ಲಿಂದಲೇ ಕೈ ಅಡ್ಡ ಹಿಡಿದಳು.

“ಇರಲಿ. ಹಂಗೇ ತೆಗಿ.”

ಎಮ್ಮೆ ಕತ್ತೆತ್ತಿ ನಿಂತೇ ಇತ್ತು. ಬೆನಕಪ್ಪನ ಹೆಗಲ ಪಕ್ಕದ ಬಿಳಿಯ ಮೇಲೆ ಅದರ ಎರಡು ಕೊಂಬು ಸ್ಪಷ್ಟವಾಗಿ ಮೂಡಿದ್ದವು, ಒಂದು ಉದ್ದ, ಇನ್ನೊಂದು ಅರ್ಧಕ್ಕೆ ಮುರಿದದ್ದು.